ಕನಸು ಯಾವುದು, ನನಸು ಯಾವುದು? ‘ಲೂಸಿಯಾ’ ನೋಡಿದವರ ಎರಡು ಪಕ್ಷ

ಒಂದೇ ಮನೆಯವರು ಒಂದೇ ಸಿನಿಮಾವನ್ನು ಒಟ್ಟಿಗೆ ಕೂತು ನೋಡುತ್ತಾರೆ. ಮುಗಿದ ಮೇಲೆ ಒಬ್ಬರು ‘ಇಂಥದ್ದು ಕನ್ನಡದಲ್ಲಿ ಬಂದೇ ಇರಲಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಎರಡು ಗಂಟೆ ಕೂರಿಸಿ ನಮ್ಮನ್ನು ಏಮಾರಿಸಿದರು’ ಎಂದು ಎದ್ದು ಹೋಗುತ್ತಾರೆ. 2013ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದ ‘ಲೂಸಿಯಾ’ ಚಿತ್ರದ ವಿಷಯದಲ್ಲಿ ನಮ್ಮ ಮನೆಯಲ್ಲಿ ಆದದ್ದು ಹೀಗೆಯೇ. ಎಷ್ಟೋ ಮನೆಗಳಲ್ಲಿ ಆದದ್ದೂ ಇದೇ. ಈ ಭಿನ್ನಾಭಿಪ್ರಾಯ ಯಾಕೆ ಬರುತ್ತದೆ ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿತ್ರದ ಕೊನೆಯ ಗುಟ್ಟನ್ನು ಬಿಚ್ಚದೆ ಈ ವಿಚಾರ ಮಾತಾಡಲು ಬರುವುದಿಲ್ಲ. ಇನ್ನೂ ನೋಡಿಲ್ಲ, ನೋಡಬೇಕು ಎಂದಿರುವವರು ರೇಡಿಯೋದ ಸದ್ದನ್ನು ಸ್ವಲ್ಪ ತಗ್ಗಿಸಿ ಅಡುಗೆ ಕೆಲಸವನ್ನೋ ದನಕರುಗಳ ಕೆಲಸವನ್ನೋ ನೋಡಿಕೊಳ್ಳಬಹುದು. ಬೇಸರವಿಲ್ಲ.

ಈ ಚಿತ್ರದ ಹುಟ್ಟೇ ಒಂದು ಕಥೆ. ನಿರ್ದೇಶಕ ಪವನ್ ಕುಮಾರ್ ದೊಡ್ಡ ನಿರ್ಮಾಪಕರ ಬಾಗಿಲು ಕಾಯದೆ ನೇರವಾಗಿ ಪ್ರೇಕ್ಷಕರ ಹತ್ತಿರವೇ ಹಣ ಕೇಳಿದರು. ನೂರಕ್ಕೂ ಹೆಚ್ಚು ಜನ ಸೇರಿ ಒಂದೇ ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಊರಿನವರು ವಂತಿಗೆ ಎತ್ತಿ ಜಾತ್ರೆಯ ನಾಟಕ ಆಡಿಸಿದ ಹಾಗೆ ಎನ್ನಿ. ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದ ಸತೀಶ್ ನಾಯಕ, ಶ್ರುತಿ ಹರಿಹರನ್ ನಾಯಕಿ. 2013ರಲ್ಲೇ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚಿನ ಚಿತ್ರವೆಂಬ ಪ್ರಶಸ್ತಿ ಬಂತು. 2015ರಲ್ಲಿ ಇದೇ ಕಥೆ ತಮಿಳಿನಲ್ಲಿ ಸಿದ್ಧಾರ್ಥ್ ನಾಯಕರಾಗಿ ‘ಎನಕ್ಕುಳ್ ಒರುವನ್’ ಎಂಬ ಹೆಸರಿನಲ್ಲಿ ಬಂತು. ನನ್ನೊಳಗೆ ಒಬ್ಬ ಎಂದು ಅದರ ಅರ್ಥ. ತಾಳವಾಡಿ, ಹೊಸೂರಿನ ಕೇಳುಗರಲ್ಲಿ ಎರಡನ್ನೂ ನೋಡಿದವರಿರಬಹುದು.

ಇನ್ನು ಕಥೆಗೆ ಬರೋಣ. ನಿಕ್ಕಿ ಹಳೆಯ ಟಾಕೀಸೊಂದರಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಹುಡುಗ. ರಾತ್ರಿ ನಿದ್ದೆ ಬಾರದು. ಯಾರೋ ಲೂಸಿಯಾ ಎಂಬ ಗುಳಿಗೆ ಕೊಡುತ್ತಾರೆ. ನುಂಗಿದರೆ ನಿದ್ದೆಯೂ ಬರುತ್ತದೆ, ಬೇಕಾದ ಕನಸೂ ಬೀಳುತ್ತದೆ. ಆ ಕನಸು ದಿನವೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಕನಸಿನಲ್ಲಿ ಅವನು ದೊಡ್ಡ ಸಿನಿಮಾ ನಟ ನಿಖಿಲ್. ಅತ್ತ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೇ ಇತ್ತ ರೂಪದರ್ಶಿ. ಅತ್ತ ಟಾಕೀಸಿನ ಯಜಮಾನ ಶಂಕರಣ್ಣನೇ ಇತ್ತ ನಟನ ಮ್ಯಾನೇಜರು. ನಡುನಡುವೆ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ ಒಬ್ಬನ ಸುತ್ತ ಪೊಲೀಸ್ ತನಿಖೆ. ಟಾಕೀಸಿನ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು-ಬಿಳುಪಿನಲ್ಲಿದೆ.

ಕೊನೆಗೆ ತಿಳಿಯುವುದೇನು? ನಿಜವಾಗಿ ಇರುವವನು ನಟ. ಟಾರ್ಚು ಹಿಡಿದ ನಿಕ್ಕಿಯೇ ಕನಸು. ಹೆಸರು, ಹಣ, ಜನರ ನೂಕುನುಗ್ಗಲಿನಿಂದ ಬೇಸತ್ತವನು ರಾತ್ರಿಯಾದರೆ ಸಾಮಾನ್ಯ ಹುಡುಗನಾಗಿ ಬದುಕಲು ಗುಳಿಗೆ ನುಂಗುತ್ತಿದ್ದ.

ಇಲ್ಲಿಂದಲೇ ಎರಡು ಪಕ್ಷ. ‘ಯಾವ ಹುಡುಗನ ಕಷ್ಟಕ್ಕೆ ನಾವು ಕಣ್ಣೀರು ಹಾಕಿದೆವೋ ಅವನು ಇರಲೇ ಇಲ್ಲ ಎಂದರೆ ಹೇಗೆ? ಅಜ್ಜಿ ಕಥೆಯಲ್ಲಿ ರಾಜಕುಮಾರ ಸತ್ತ ಮೇಲೆ ಎಲ್ಲಾ ಕನಸು ಎಂದ ಹಾಗಾಯಿತು’ ಎಂದು ಒಂದು ಪಕ್ಷ. ‘ಮೊದಲಿನಿಂದ ಎಲ್ಲವೂ ಕಣ್ಣ ಮುಂದೆಯೇ ಇತ್ತು, ನಾವು ನೋಡಲಿಲ್ಲ’ ಎಂದು ಇನ್ನೊಂದು ಪಕ್ಷ.

ಯಾರದು ಸರಿ? ಅಳೆಯಲು ನಮ್ಮಲ್ಲಿ ಒಂದು ಹಳೆಯ ಅಳತೆಗೋಲಿದೆ: ಒಗಟು. ಒಗಟು ಹಾಕಿದವರು ಉತ್ತರವನ್ನು ಒಗಟಿನ ಒಳಗೇ ಬಚ್ಚಿಟ್ಟಿರಬೇಕು. ಉತ್ತರ ಕೇಳಿದೊಡನೆ ‘ಅಯ್ಯೋ, ಹೌದಲ್ಲ!’ ಅನ್ನಿಸಿದರೆ ಅದು ಸರಿಯಾದ ಒಗಟು. ‘ಇದನ್ನು ನೀನು ಹೇಳಲೇ ಇಲ್ಲವಲ್ಲ’ ಅನ್ನಿಸಿದರೆ ಅದು ಮೋಸ.

ಈ ಗೋಲಿನಿಂದ ಅಳೆದರೆ ‘ಲೂಸಿಯಾ’ದ ಒಗಟು ನ್ಯಾಯವಾದದ್ದು. ಬಣ್ಣದ್ದು ನಿಜ, ಕಪ್ಪು-ಬಿಳುಪಿನದು ಕನಸು ಎಂದು ತೀರ್ಮಾನಿಸಿದವರು ನಾವೇ. ಹಾಗೆ ತೀರ್ಮಾನಿಸಲು ಕಾರಣವೂ ಇದೆ. 1940-50ರ ಸುಮಾರಿಗೆ ಅಮೆರಿಕದಲ್ಲಿ ವಿಚಾರಿಸಿದಾಗ ಬಹಳ ಜನ ತಮಗೆ ಕಪ್ಪು-ಬಿಳುಪು ಕನಸು ಬೀಳುತ್ತದೆ ಎಂದಿದ್ದರು. ಬಣ್ಣದ ಸಿನಿಮಾ, ಬಣ್ಣದ ಟಿ.ವಿ. ರೂಢಿಯಾದ ಮೇಲೆ ಕೇಳಿದರೆ ಹೆಚ್ಚಿನವರು ಬಣ್ಣದ ಕನಸು ಎಂದರು. ಅಂದರೆ ಕನಸು ಹೇಗಿರುತ್ತದೆ ಎಂಬ ನಮ್ಮ ನಂಬಿಕೆಯನ್ನೂ ಒಂದು ಮಟ್ಟಿಗೆ ತೆರೆಯೇ ಕಲಿಸಿದೆ. ನಿರ್ದೇಶಕರು ಆ ಪಾಠವನ್ನೇ ತಿರುಗಿಸಿ ಹಿಡಿದರು. ನಟನಿಗೆ ಎಚ್ಚರದ ಬದುಕು ಬಣ್ಣಗೆಟ್ಟಿತ್ತು, ಬಣ್ಣ ಉಳಿದದ್ದು ಕನಸಿನಲ್ಲಿ ಮಾತ್ರ.

ಕನಸಿನೊಳಗೆ ಇದ್ದುಕೊಂಡೇ ‘ಇದು ಕನಸು’ ಎಂದು ಅರಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಲೂಸಿಡ್ ಡ್ರೀಮ್’ ಎಂಬ ಹೆಸರಿದೆ. ಚಿತ್ರದ ಹೆಸರು ಅದನ್ನೇ ನೆನಪಿಸುತ್ತದೆ. ಡಚ್ ವೈದ್ಯ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್, ನಿದ್ದೆಯಲ್ಲಿದ್ದವನೊಬ್ಬ ಮೊದಲೇ ಮಾತಾಡಿಕೊಂಡಂತೆ ಕಣ್ಣುಗುಡ್ಡೆ ಹೊರಳಿಸಿ ಸನ್ನೆ ಮಾಡಿದ್ದನ್ನು ಯಂತ್ರದಲ್ಲಿ ದಾಖಲಿಸಿದರು. ಆದ್ದರಿಂದ ಇಂಥ ಕನಸು ಇರುವುದು ನಿಜ. ಆದರೆ ನುಂಗಿದೊಡನೆ ಬೇಕಾದ ಬದುಕನ್ನು ಕನಸಿನಲ್ಲಿ ಕಟ್ಟಿಕೊಡುವ ಗುಳಿಗೆ ಬರೀ ಕಥೆ. ನಿದ್ದೆ ಬಾರದವರು ಡಾಕ್ಟರನ್ನು ಕಾಣಬೇಕೇ ಹೊರತು ಯಾರೋ ಕೊಟ್ಟ ಮಾತ್ರೆ ನುಂಗಬಾರದು.

ಕಥೆಯ ಬೇರು ಮಾತ್ರ ನಮಗೆ ಹೊಸದಲ್ಲ. ಜನಕರಾಜನ ಕಥೆಯನ್ನು ಹರಿಕಥೆಯಲ್ಲಿ ಕೇಳಿದವರಿದ್ದೀರಿ. ರಾಜ ಕನಸಿನಲ್ಲಿ ಭಿಕ್ಷುಕನಾಗುತ್ತಾನೆ, ಹಸಿದು ಅಲೆಯುತ್ತಾನೆ, ಬೆಚ್ಚಿ ಏಳುತ್ತಾನೆ. ಅಲ್ಲಿಂದ ಮುಂದೆ ಕಂಡಕಂಡವರನ್ನು ಒಂದೇ ಪ್ರಶ್ನೆ ಕೇಳುತ್ತಾನೆ: ಅದು ನಿಜವೋ, ಇದು ನಿಜವೋ? ಅಷ್ಟಾವಕ್ರ ಉತ್ತರ ಹೇಳುತ್ತಾನೆ: ಅದೂ ಅಲ್ಲ, ಇದೂ ಅಲ್ಲ, ಎರಡನ್ನೂ ಕಂಡವನು ನೀನಿದ್ದೀಯಲ್ಲ, ಅದು ನಿಜ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಜನಕನಿಗೆ ಬಡತನದ ಕನಸು ದುಃಸ್ವಪ್ನ. ನಮ್ಮ ಕಾಲದ ನಟನಿಗೆ ಅದೇ ಸುಖನಿದ್ರೆ.

ನನಗೆ ತಿಳಿದ ಒಬ್ಬರು ಹಿರಿಯರು ಹರೆಯದಲ್ಲಿ ಟೂರಿಂಗ್ ಟಾಕೀಸಿನಲ್ಲಿ ಟಾರ್ಚು ಹಿಡಿದವರು. ಟೆಂಟು ಎತ್ತಿದ ಮೇಲೆ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದರು. ಮೊಮ್ಮಗಳು ಒತ್ತಾಯ ಮಾಡಿ ಅವರಿಗೆ ಈ ಚಿತ್ರ ತೋರಿಸಿದಳು. ಟಾಕೀಸಿನ ದೃಶ್ಯಗಳು ಬಂದಾಗಲೆಲ್ಲ ಮುದುಕರ ಮುಖ ಅರಳುತ್ತಿತ್ತಂತೆ. ಮುಗಿದ ಮೇಲೆ ಸುಮ್ಮನೆ ಕೂತಿದ್ದರು. ಮೊಮ್ಮಗಳು ‘ಹ್ಯಾಗಿತ್ತು ತಾತ?’ ಅಂದಳು.

‘ಚೆನ್ನಾಗಿತ್ತವ್ವ. ಆದರೆ ನನ್ನಂಥೋನ ಬಾಳನ್ನ ಯಾರೋ ದೊಡ್ಡೋರು ಕನಸಲ್ಲಿ ಕಾಣ್ತಾರಂತೆ. ಕಾಣಲಿ. ಅವರು ಎದ್ದರೆ ಅವರಿಗೆ ಮುಗೀತು. ನನಗೆ ಎದ್ದ ಮೇಲೇ ಶುರುವಾಗೋದು.’

ಮೊಮ್ಮಗಳು ಬಿಡಲಿಲ್ಲ. ‘ಅಷ್ಟು ಸಿರಿವಂತನಿಗೂ ನಿನ್ನ ಬಾಳೇ ಬೇಕಾಯ್ತಲ್ಲ ತಾತ, ಅದು ನಿನ್ನ ಹೆಚ್ಚುಗಾರಿಕೆ ಅಲ್ವಾ?’ ಅಂದಳು. ತಾತ ನಕ್ಕರು. ಒಪ್ಪಿದರೋ ಇಲ್ಲವೋ ಅವಳಿಗೂ ಗೊತ್ತಾಗಲಿಲ್ಲ.

ಈ ಚಿತ್ರದ ಬಗ್ಗೆ ಏಳುವ ಜಗಳದ ತಿರುಳು ಇಲ್ಲಿದೆ ಎಂದು ನನ್ನ ತಿಳಿವಳಿಕೆ. ‘ಅರ್ಥವಾಗಲಿಲ್ಲ’ ಎಂಬ ದೂರು ಎರಡನೇ ಸಲ ನೋಡಿದರೆ ತೀರುತ್ತದೆ. ‘ಏಮಾರಿಸಿದರು’ ಎಂಬ ದೂರು ಒಗಟಿನ ನಿಯಮ ನೆನೆದರೆ ತೀರುತ್ತದೆ. ತಾತನ ದೂರು ಹಾಗೆ ತೀರುವಂಥದ್ದಲ್ಲ. ದುಡಿದು ತಿನ್ನುವವನ ಬದುಕು ದಣಿದ ಸಿರಿವಂತನಿಗೆ ತಂಗುದಾಣವಾದರೆ ಆ ಬದುಕಿಗೆ ಅದು ಗೌರವವೋ, ಅಗೌರವವೋ? ಚಿತ್ರ ಕಟ್ಟಿದ ಚಾತುರ್ಯವನ್ನು ನಾನು ಮೆಚ್ಚಿದವನು. ಆದರೂ ತಾತನ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ.

ಆದ್ದರಿಂದ ನೋಡಿದವರು ಇನ್ನೊಮ್ಮೆ ನೋಡಿ. ಈ ಸಲ ಗುಟ್ಟು ಗೊತ್ತಿರುತ್ತದೆ, ಬಣ್ಣದ ಮೇಲೆ ಕಣ್ಣಿಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ, ಮುಗಿದ ಮೇಲೆ ಅವರೇ ಮೊದಲು ಮಾತಾಡಲಿ. ಅವರು ಏನೆಂದರು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ನಮಗೂ ತಿಳಿಸಿ.