ನಕ್ಷೆಯ ಗುಳ್ಳೆಯಲ್ಲಿ ಸಿಕ್ಕಿಕೊಂಡ ಬಟನ್

ದೆಹಲಿಯ ದೊಡ್ಡ ರಸ್ತೆಗಳಲ್ಲಿ ಒಂದೇ ಹೆಸರಿನ ಬಸ್ ನಿಲ್ದಾಣಗಳು ಎದುರುಬದುರಾಗಿ ಎರಡಿರುತ್ತವೆ. ಮೊಬೈಲಿನ ಮ್ಯಾಪ್ ತೆರೆದರೆ ಅವೇ ಒಂದು ಅಕ್ಕಿಕಾಳಿನಷ್ಟು ಅಂತರದಲ್ಲಿ ಕೂತ ಎರಡು ಪಿನ್‌ಗಳು. ಒಂದನ್ನು ಮುಟ್ಟಿದರೆ ಅದರ ನೆತ್ತಿಯ ಮೇಲೆ ಬಿಳಿ ಗುಳ್ಳೆಯೊಂದು ತೆರೆದುಕೊಳ್ಳುತ್ತದೆ: ನಿಲ್ದಾಣದ ಹೆಸರು, ಬಸ್ಸಿನ ನಂಬರು, ಇನ್ನೆಷ್ಟು ನಿಮಿಷಕ್ಕೆ ಬರುತ್ತದೆಂಬ ಲೆಕ್ಕ. ಅದರ ಕೆಳಗೇ ‘ದಾರಿ ತೋರಿಸು’, ‘ಟಿಕೆಟ್’, ‘ನೆನಪಿಸು’ ಎಂಬ ಮೂರು ಬಟನ್ ಇಟ್ಟರೆ ಎಷ್ಟು ಅನುಕೂಲ ಎಂದು ಆ್ಯಪ್ ಕಟ್ಟುವವರಿಗೆ ಅನ್ನಿಸುವುದು ಸಹಜ. ಆದರೆ ಹಾಗೆ ಇಟ್ಟಾಗ ಆಗುವುದೇ ಬೇರೆ. ಅವಸರದಲ್ಲಿರುವ ಪ್ರಯಾಣಿಕರು ‘ಟಿಕೆಟ್’ ಒತ್ತಿದರೂ ‘ನೆನಪಿಸು’ ಒತ್ತಿದರೂ ಒಂದೇ ಪುಟ ತೆರೆಯುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಒತ್ತಿದವರು ತಮ್ಮ ಬೆರಳನ್ನೋ ಹಳೆಯ ಫೋನನ್ನೋ ಬೈದುಕೊಳ್ಳುತ್ತಾರೆ. ಅವರು ಒತ್ತಿದ್ದು ಬಟನ್ನನ್ನಲ್ಲ, ಬಟನ್ನಿನ ಚಿತ್ರವನ್ನು.

ಆಂಡ್ರಾಯ್ಡ್ ಆ್ಯಪ್‌ಗಳೊಳಗೆ ಗೂಗಲ್ ಮ್ಯಾಪ್ ಕೂರಿಸಲು ಬಳಸುವ ತಂತ್ರಾಂಶದಲ್ಲಿ ಈ ಗುಳ್ಳೆಗೆ ಇನ್ಫೋ ವಿಂಡೋ ಎಂದು ಹೆಸರು. ಅದರೊಳಗೆ ಅಕ್ಷರ, ಫೋಟೊ, ಬಟನ್ ಏನನ್ನು ಜೋಡಿಸಿಕೊಟ್ಟರೂ ಮ್ಯಾಪ್ ಅದೆಲ್ಲವನ್ನೂ ಒಂದೇ ಚಿತ್ರವಾಗಿಸಿ ಪಿನ್ನಿನ ಮೇಲೆ ಅಂಟಿಸುತ್ತದೆ. ಅಂಟಿಸಿದ ಮೇಲೆ ಆ ಚಿತ್ರದಲ್ಲಿ ಎಡ ಯಾವುದು, ಬಲ ಯಾವುದು ಎಂಬುದು ಮ್ಯಾಪಿಗೆ ತಿಳಿಯದು. ‘ಗುಳ್ಳೆಯನ್ನು ಯಾರೋ ಮುಟ್ಟಿದರು’ ಎಂಬಷ್ಟೇ ಸುದ್ದಿ ಆ್ಯಪಿಗೆ ಮುಟ್ಟುತ್ತದೆ. ಗುಳ್ಳೆಯೊಳಗೆ ಬಟನ್, ಟಿಕ್ ಮಾಡುವ ಚೌಕ, ಬರೆಯುವ ಜಾಗ ಇತ್ಯಾದಿ ಇಡಬೇಡಿ ಎಂದು ಗೂಗಲ್‌ನ ಕೈಪಿಡಿಯಲ್ಲೇ ಸೂಚನೆಯಿದೆ. ಆ್ಯಪಲ್‌ನ ಸ್ವಂತ ನಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಗುಳ್ಳೆಯ ಎಡಬಲಕ್ಕೆ ನಿಜವಾದ ಬಟನ್ ಕೂರಿಸಬಹುದು. ಹೀಗಾಗಿ ಐಫೋನ್‌ನಲ್ಲಿ ಪರೀಕ್ಷೆ ಮಾಡಿ ಸರಿಯಾಗಿದೆ ಎಂದುಕೊಂಡದ್ದು ಆಂಡ್ರಾಯ್ಡ್‌ನಲ್ಲಿ ಸುಮ್ಮನಾಗಿಬಿಡಬಹುದು. ನಮ್ಮ ದೇಶದಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆಂಡ್ರಾಯ್ಡ್.

ದೆಹಲಿ ಸೀಮೆಯಲ್ಲಿ ಇದು ಡೆವಲಪರ್‌ಗಳ ತಲೆನೋವಾಗಿ ಮಾತ್ರ ಉಳಿದಿಲ್ಲ, ಏಕೆಂದರೆ ಇಲ್ಲಿ ನಕ್ಷೆ ಎನ್ನುವುದು ಊರಿನ ಸೇವಾ ಕೌಂಟರ್ ಆಗಿದೆ. ಗುರುಗ್ರಾಮದಲ್ಲಿ ನೆಲೆಸಿರುವ ಸೇಫ್ಟಿಪಿನ್ ಸಂಸ್ಥೆಯನ್ನು ಕಲ್ಪನಾ ವಿಶ್ವನಾಥ್ ಮತ್ತು ಆಶಿಶ್ ಬಸು 2013ರಲ್ಲಿ ಶುರುಮಾಡಿದರು. ಬೀದಿಯಲ್ಲಿ ಬೆಳಕಿದೆಯೇ, ನಡೆಯಲು ದಾರಿ ಇದೆಯೇ, ಸುತ್ತ ಹೆಂಗಸರು ಕಾಣುತ್ತಾರೆಯೇ ಎಂಬಂಥ ಒಂಬತ್ತು ಅಂಶಗಳನ್ನು ಅಳೆದು ನಕ್ಷೆಗೆ ಪಿನ್ ಚುಚ್ಚುವುದು ಅದರ ಕೆಲಸ. 2016ರ ಡಿಸೆಂಬರ್‌ನಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಸಾರ್ವಜನಿಕ ಶೌಚಾಲಯಗಳನ್ನು ಗೂಗಲ್ ಮ್ಯಾಪ್‌ಗೆ ಏರಿಸಲು ಆರಂಭಿಸಿದ್ದು ರಾಷ್ಟ್ರ ರಾಜಧಾನಿ ವಲಯ, ಭೋಪಾಲ್ ಮತ್ತು ಇಂದೋರ್‌ಗಳಿಂದ. 2018ರಲ್ಲಿ ದೆಹಲಿಯ ಸಾರಿಗೆ ಇಲಾಖೆ ಐಐಐಟಿ–ದೆಹಲಿಯ ಜೊತೆ ಸೇರಿ ಬಸ್ಸುಗಳ ಮಾಹಿತಿಯನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿತು. 2021ರಲ್ಲಿ ಅದೇ ಬಸ್ಸುಗಳು ಗೂಗಲ್ ಮ್ಯಾಪ್‌ನಲ್ಲೂ ಓಡಾಡತೊಡಗಿದವು. ಈ ಮೂರರಲ್ಲೂ ಬಳಸುವವರು ಪಿನ್ ಮುಟ್ಟುವುದು ಭೂಗೋಳ ಕಲಿಯಲು ಅಲ್ಲ, ಏನನ್ನೋ ಮಾಡಲು: ಹೋಗಲು, ಹತ್ತಲು, ಕರೆ ಮಾಡಲು, ದೂರು ಕೊಡಲು. ಆದ್ದರಿಂದ ಬಟನ್ ಬೇಕೇ ಬೇಕು. ಆದರೆ ಅದರ ಜಾಗ ಪಿನ್ನಿನ ನೆತ್ತಿಯಲ್ಲ, ಪರದೆಯ ಬುಡ. ಪಿನ್ ಮುಟ್ಟಿದೊಡನೆ ಕೆಳಗಿನಿಂದ ಮೇಲೇರಿ ಬರುವ ಒಂದು ಕಾರ್ಡ್, ಅದರಲ್ಲಿ ಜೀವಂತ ಬಟನ್‌ಗಳು. ಗೂಗಲ್‌ನ ಸ್ವಂತ ಮ್ಯಾಪ್ ಆ್ಯಪ್ ಕೂಡ ‘ಡೈರೆಕ್ಷನ್ಸ್’, ‘ಕಾಲ್’, ‘ಸೇವ್’ ಬಟನ್‌ಗಳನ್ನು ಇಟ್ಟಿರುವುದು ಅಂಥ ಕಾರ್ಡಿನಲ್ಲೇ.

ಬೆರಳಿನ ಅಳತೆಯೂ ಇದನ್ನೇ ಹೇಳುತ್ತದೆ. ಗುರಿ ದೂರವಾದಷ್ಟೂ ಸಣ್ಣದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂದು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಂಡ್ರಾಯ್ಡ್‌ನ ಶಿಫಾರಸಿನಂತೆ ಮುಟ್ಟುವ ಯಾವುದೇ ವಸ್ತು ಅಗಲದಲ್ಲೂ ಎತ್ತರದಲ್ಲೂ ಕನಿಷ್ಠ 48 ಮಾನಗಳಷ್ಟಿರಬೇಕು (ಪರದೆಯ ಅಳತೆಗೆ ಆಂಡ್ರಾಯ್ಡ್ ಬಳಸುವ ‘ಡಿಪಿ’ ಎಂಬ ಮಾನ), ಅಂದರೆ ಪರದೆಯ ಮೇಲೆ ಸುಮಾರು 9 ಮಿಲಿಮೀಟರ್. ಎರಡರ ನಡುವೆ 8 ಮಾನಗಳ ಬಿಡುವು. ಸಾಮಾನ್ಯ ಫೋನಿನ ಪರದೆಯ ಅಗಲ 360 ಮಾನ ಎಂದಿಟ್ಟುಕೊಳ್ಳಿ. ಬರಿಯ ಚಿಹ್ನೆಗಳ ಮೂರು ಬಟನ್‌ಗಳೇ 160 ಮಾನ ನುಂಗುತ್ತವೆ. ಅವುಗಳ ಮೇಲೆ ಹೆಸರು ಬರೆಯಬೇಕೆಂದರೆ, ಅದೂ ಕನ್ನಡದಲ್ಲಿ, ಗುಳ್ಳೆ ಸಾಲುವುದಿಲ್ಲ. ನಮ್ಮ ಲಿಪಿಗೆ ಮೇಲೆ ಗುಡಿಸು ಇದೆ, ಕೆಳಗೆ ಒತ್ತಕ್ಷರ ಇದೆ. ಇಂಗ್ಲಿಷಿಗೆಂದು ಕತ್ತರಿಸಿದ ಇಕ್ಕಟ್ಟಿನ ಬಟನ್ನಿನಲ್ಲಿ ‘ರಸ್ತೆ’ಯ ತಾವತ್ತು ತುಂಡಾದರೆ ಉಳಿಯುವುದು ‘ರಸೆ’. ಕರ್ನಾಟಕ ಭವನಕ್ಕೆ ಬಂದಿಳಿದು, ಹಿಂದಿಯಲ್ಲಿ ದಾರಿ ಕೇಳಲು ತಡವರಿಸುವವರಿಗೆ ಆ ಬಟನ್ನೇ ದಾರಿ ಹೇಳುವ ಬಾಯಿ. ಅದರ ಅಕ್ಷರ ಓದಲು ಬರಲೇಬೇಕು. ಇನ್ನು ಜನವರಿಯ ಮಂಜಿನಲ್ಲಿ ಉಣ್ಣೆಯ ಕೈಗವಸನ್ನು ಹಲ್ಲಿನಿಂದ ಎಳೆದು, ಮರಗಟ್ಟಿದ ಒಂದೇ ಹೆಬ್ಬೆರಳಿನಿಂದ ಫೋನ್ ಮುಟ್ಟುವವರನ್ನು ನೆನೆಸಿಕೊಳ್ಳಿ. ಹೆಬ್ಬೆರಳು ಸಲೀಸಾಗಿ ಆಡುವುದು ಪರದೆಯ ಕೆಳಭಾಗದಲ್ಲಿ.

ಬಸ್ಸಿನ ವಿಷಯದಲ್ಲಂತೂ ಗುಳ್ಳೆ ಇನ್ನೊಂದು ಬಗೆಯಲ್ಲೂ ಸೋಲುತ್ತದೆ. ಓಡುವ ಬಸ್ಸಿನ ಪಿನ್ ಕೂಡ ಓಡುತ್ತದೆ. ಹೊಸ ಜಿಪಿಎಸ್ ಮಾಹಿತಿ ಬಂದಾಗಲೆಲ್ಲ ಅದು ಮುಂದಕ್ಕೆ ಜಿಗಿಯುತ್ತದೆ, ಗುಳ್ಳೆಯೂ ಜೊತೆಗೇ ಜಿಗಿಯುತ್ತದೆ. ಬೆರಳು ಇಳಿಯುವಷ್ಟರಲ್ಲಿ ಬಟನ್ ಅಲ್ಲಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಗುಳ್ಳೆ ಒಂದು ಚಿತ್ರವಾದ್ದರಿಂದ ‘5 ನಿಮಿಷ’ ಎಂದು ಒಮ್ಮೆ ಬರೆದದ್ದು ಆ್ಯಪ್ ಮತ್ತೆ ಗುಳ್ಳೆ ತೆರೆಯುವವರೆಗೂ ‘5 ನಿಮಿಷ’ವೇ. ಬಸ್ಸು ಎದುರಿಗೆ ಹಾದುಹೋಗುತ್ತಿದ್ದರೂ ಪರದೆ ಹಳೆಯ ಮಾತನ್ನೇ ಆಡುತ್ತಿರುತ್ತದೆ.

ಬಟನ್ ಕೆಳಗಿಳಿಯಬೇಕೆಂಬ ಮಾತಿಗೆ ನುರಿತ ಡೆವಲಪರ್‌ಗಳದೊಂದು ಆಕ್ಷೇಪಣೆಯಿದೆ. ಮ್ಯಾಪಿನ ಮೇಲೆ ಕಣ್ಣಿಗೆ ಕಾಣದ ಪದರವೊಂದನ್ನು ಹಾಸಿ, ಬೆರಳು ಬಿದ್ದ ಜಾಗವನ್ನು ಗುಳ್ಳೆಯ ಜಾಗದೊಂದಿಗೆ ತಾಳೆ ನೋಡಿ, ಯಾವ ಬಟನ್ನಿನ ಚಿತ್ರದ ಮೇಲೆ ಬಿತ್ತೆಂದು ಲೆಕ್ಕ ಹಾಕಿಬಿಟ್ಟರೆ ಚಿತ್ರವೇ ಬಟನ್ನಿನಂತೆ ಕೆಲಸ ಮಾಡುತ್ತದಲ್ಲ, ಮತ್ತೇಕೆ ಜಾಗ ಬದಲಿಸಬೇಕು? ಮಾಡಬಹುದು, ಮಾಡಿದವರೂ ಇದ್ದಾರೆ. ಆ ಜಾಣ್ಮೆಗೆ ನನ್ನ ಮೆಚ್ಚುಗೆಯಿದೆ. ಆದರೆ ಮ್ಯಾಪಿನ ಒಳಗಿನ ಅಳತೆ ಸ್ವಲ್ಪ ಬದಲಾದರೂ ಲೆಕ್ಕ ತಪ್ಪುತ್ತದೆ, ‘ಕರೆ ಮಾಡು’ ಒತ್ತಿದರೆ ‘ಅಳಿಸು’ ಆದೀತು. ಬೆರಳಿನ ಅಳತೆ, ತುಂಡಾಗುವ ಅಕ್ಷರ, ಜಿಗಿಯುವ ಪಿನ್ ಈ ಮೂರಕ್ಕೂ ಅದರಲ್ಲಿ ಮದ್ದಿಲ್ಲ.

ಎರಡನೆಯ ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಕಾರ್ಡ್ ಕೆಳಗೆ ಹೋದರೆ ಅದು ಯಾವ ಪಿನ್ನಿನದೆಂಬ ಕೊಂಡಿ ಕಳಚುತ್ತದೆ. ಕನಾಟ್ ಪ್ಲೇಸಿನಂಥ ಕಡೆ, ಎಳ್ಳು ಚೆಲ್ಲಿದಂತೆ ಪಿನ್‌ಗಳಿರುವಾಗ, ಗುಳ್ಳೆಯ ಚೂಪು ಮೂತಿ ‘ಇದೇ’ ಎಂದು ತೋರುತ್ತಿತ್ತು. ನಿಜ. ಹಾಗಾಗಿ ಗುಳ್ಳೆಯನ್ನು ಪೂರ್ತಿ ಕಿತ್ತುಹಾಕುವುದು ಬೇಡ. ಅದರಲ್ಲಿ ಹೆಸರೊಂದೇ ಇರಲಿ, ಮುಟ್ಟಿದ ಪಿನ್ ಉಳಿದವಕ್ಕಿಂತ ದೊಡ್ಡದಾಗಲಿ, ಬಣ್ಣ ಬದಲಿಸಲಿ, ಕಾರ್ಡಿನಡಿ ಮುಚ್ಚಿಹೋಗದಂತೆ ನಕ್ಷೆ ತಾನೇ ಮೇಲಕ್ಕೆ ಸರಿಯಲಿ. ಎದುರುಬದುರಿನ ನಿಲ್ದಾಣಗಳಿಗೆ ‘ಯಾವ ಕಡೆಗೆ ಹೋಗುವ ಬಸ್ಸು’ ಎಂಬುದನ್ನು ಕಾರ್ಡಿನ ಮೊದಲ ಸಾಲಲ್ಲೇ ಬರೆದರೆ ಮೂತಿಗಿಂತ ಚೆನ್ನಾಗಿ ಅದೇ ಗುರುತು ಹೇಳುತ್ತದೆ. ನಕ್ಷೆಯ ಮಾಹಿತಿಯಿಂದ ಕೆಲಸಕ್ಕೆ ದಾಟಿಸುವ ಬಟನ್ ನಮ್ಮವರಿಗೆ ಹೊಸದೇನಲ್ಲ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪಿನಲ್ಲಿ ನಕ್ಷೆ ಮುಟ್ಟಿ ಸರ್ವೆ ನಂಬರು, ಗ್ರಾಮ, ಹೋಬಳಿ ಕಂಡುಕೊಂಡ ರೈತರು ಅಲ್ಲಿಗೇ ನಿಲ್ಲುವುದಿಲ್ಲ, ‘ಹೆಚ್ಚಿನ ವಿವರ’ ಒತ್ತಿ ಪಹಣಿಯ ಕಡೆಗೆ ಹೋಗುತ್ತಾರೆ.

ಬಟನ್ ಸುಲಭವಾದರೆ ಅರಿಯದೆ ಒತ್ತುವವರೂ ಹೆಚ್ಚಾಗುತ್ತಾರೆ, ಪೊಲೀಸರಿಗೆ ಸುಮ್ಮನೆ ಕರೆ ಹೋಗುತ್ತದೆ ಎಂಬ ಭಯವೂ ಇದೆ. ತುರ್ತು ಕರೆಯಂಥ ಒಂದೆರಡಕ್ಕೆ ‘ಖಚಿತವೇ?’ ಎಂದು ಕೇಳಿದರೆ, ಇಲ್ಲವೇ ಒತ್ತಿ ಹಿಡಿಯುವಂತೆ ಮಾಡಿದರೆ ಅದು ಬಗೆಹರಿಯುತ್ತದೆ.

ಈ ವಾದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕಣ್ಣು ಕಾಣದವರ ಮಾತು. ಅವರು ಪರದೆಯ ಮೇಲೆ ಬೆರಳಾಡಿಸಿದರೆ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಬೆರಳಡಿಯ ಬಟನ್ನಿನ ಹೆಸರನ್ನು ಗಟ್ಟಿಯಾಗಿ ಓದುತ್ತದೆ; ಎರಡು ಸಲ ತಟ್ಟಿದರೆ ಬಟನ್ ಒತ್ತಿದಂತೆ. ಚಿತ್ರವಾಗಿಬಿಟ್ಟ ಗುಳ್ಳೆಯ ಒಳಗಿನ ಬಟನ್‌ಗಳನ್ನು ಅದು ಹೆಸರಿಟ್ಟು ಕರೆಯಲಾರದು. ಅದೇ ಬಟನ್ ಕಾರ್ಡಿಗೆ ಇಳಿದು ಬಂದರೆ, ಹೆಸರನ್ನು ಸರಿಯಾಗಿ ಬರೆದಿದ್ದರೆ, ನಿಲ್ದಾಣದ ಗದ್ದಲದ ನಡುವೆ ಕಿವಿಗೆ ಹಿಡಿದ ಫೋನ್ ಹೇಳುತ್ತದೆ: ‘ದಾರಿ ತೋರಿಸು, ಬಟನ್.’