ಗುಡ್ಡ ಕೊರೆದು ತಂದ ತೋಟ

ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಹತ್ತಿರ, ಕೇಪು ಗ್ರಾಮದ ಅಮೈಯಲ್ಲಿ ಮಹಾಲಿಂಗ ನಾಯ್ಕರ ತೋಟವಿದೆ. ಅಡಿಕೆ, ತೆಂಗು, ಬಾಳೆ, ಮರಗಳಿಗೆ ಹಬ್ಬಿದ ಕರಿಮೆಣಸು. ಆದರೆ ದೂರದೂರಿನಿಂದ ಜನ ಬರುವುದು ಹಸಿರು ನೋಡಲಲ್ಲ, ಅಲ್ಲಿ ಹರಿಯುವ ನೀರು ನೋಡಲು.

ನಾಯ್ಕರು ಕಂಡವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತಿ ಬದುಕಿದವರು. 1970ರ ದಶಕದ ಕೊನೆಗೆ ಧಣಿ ಮಹಾಬಲ ಭಟ್ಟರು ಅವರಿಗೆ 2 ಎಕರೆ ಗುಡ್ಡದ ಇಳಿಜಾರು ಕೊಟ್ಟರು. ಬೋಳು ನೆಲ, ಹನಿ ನೀರಿಲ್ಲ. ಬಾವಿ ತೋಡಿಸಲು ಕೈಯಲ್ಲಿ ಕಾಸಿಲ್ಲ. ಹಗಲಿಡೀ ಕೂಲಿ ಮಾಡಿ ಬಂದು, ಉಳಿದ ಹೊತ್ತಿನಲ್ಲಿ ದೀಪ ಹಚ್ಚಿಕೊಂಡು ಒಬ್ಬರೇ ಗುಡ್ಡ ಕೊರೆಯತೊಡಗಿದರು. ಒಂದಾದ ಮೇಲೊಂದು ಐದು ಸುರಂಗ ಒಣಗಿಯೇ ಉಳಿದವು. ನೋಡಿದವರು ನಕ್ಕರು. ಆರನೆಯದರಲ್ಲಿ ಮಣ್ಣು ತೇವವಾಯಿತು, ನೀರು ಜಿನುಗಿತು. ವರ್ಷಗಟ್ಟಲೆ ಕೊರೆದ ಐದನ್ನೂ ಬಿಟ್ಟು ಆರನೆಯದಕ್ಕೆ ಗುದ್ದಲಿ ಎತ್ತುವುದೆಂದರೆ ಏನೆಂದು ನೆನೆದಾಗಲೆಲ್ಲ ನನ್ನ ಮಾತು ನಿಂತುಹೋಗುತ್ತದೆ. 2022ರ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದದ್ದು ತೀರ ತಡವಾಗಿ.

ಸುರಂಗ ಕಾಸರಗೋಡು, ದಕ್ಷಿಣ ಕನ್ನಡದ ಗಡಿನಾಡಿನವರ ಹಳೆಯ ವಿದ್ಯೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಆಳು ನುಗ್ಗುವಷ್ಟು ಕಿರಿದಾಗಿ ಕೊರೆಯುತ್ತಾರೆ. ಒಳಹೋದಂತೆ ನೆಲ ತುಸು ಏರುತ್ತದೆ, ಹಾಗಾಗಿ ಒಸರಿದ ನೀರು ತಾನಾಗಿ ಹೊರಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಳಗೆ ದೀಪ ಮಂಕಾದರೆ ಗಾಳಿ ಸಾಲದು ಎಂದರ್ಥ, ತಕ್ಷಣ ಹೊರಬರಬೇಕು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಈ ವಿದ್ಯೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಬೇರೆಡೆಯೂ ಇಂಥವಿವೆ: ಬೀದರದ ನೌಬಾದಿನಲ್ಲಿ ನೆಲದಡಿಯಲ್ಲಿ ನೀರು ಹರಿಸುವ ಬಹಮನಿ ಕಾಲದ ಸುರಂಗಗಾಲುವೆ ‘ಕರೇಜ್’ ಇದೆ, ವಿಜಯಪುರಕ್ಕೆ ತೊರವಿಯಿಂದ ನೆಲದಡಿಯಲ್ಲಿ ನೀರು ಬರುತ್ತಿತ್ತು. ಅವು ಅರಸರ ಖಜಾನೆಯಿಂದ ಆದವು, ಅಮೈಯ ಸುರಂಗ ಒಬ್ಬ ಕೂಲಿಯಾಳಿನ ತೋಳಿನಿಂದ ಆದದ್ದು.

ಆದರೆ ಬರದ ಸೀಮೆಯ, ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖದ ಕಡೆಯ ರೈತರು ಈ ಸುರಂಗವನ್ನು ಹಾಗೇ ನಕಲು ಮಾಡಲಾಗದು. ಅಲ್ಲಿ ನೆಲದಡಿ ಇರುವುದು ಕರಿಕಲ್ಲು, ಮುರಕಲ್ಲಿನಂತೆ ಗುದ್ದಲಿಗೆ ಬಗ್ಗುವುದಿಲ್ಲ. ಮಳೆಯೂ ಕರಾವಳಿಯ ಕಾಲುಭಾಗಕ್ಕಿಂತ ಕಡಿಮೆ. ಆ ಸೀಮೆಗೆ ಒಪ್ಪುವುದು ಬದು, ಕೃಷಿಹೊಂಡ, ಬನ್ನಿ, ಬೇವು, ಬಾರಿ. ಆದರೂ ಅವರು ಒಮ್ಮೆ ಅಮೈಗೆ ಬರಬೇಕು. ಇಳಿಜಾರನ್ನು ಮೆಟ್ಟಿಲು ಮಾಡಿ, ಹೊತ್ತು ತಂದ ಕಲ್ಲಿನಿಂದ ಕಟ್ಟಿದ ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಓಡುವ ಮಳೆನೀರನ್ನು ತಡೆದು ನಿಲ್ಲಿಸುವ ಆ ಕೆಲಸ ಯಾವ ಸೀಮೆಯಲ್ಲೂ ನಡೆಯುತ್ತದೆ.

ಬಂದವರು ಸುರಂಗದ ಬಾಯಲ್ಲಿ ಫೋಟೊ ತೆಗೆದು ಹಿಂದಿರುಗಬೇಡಿ, ಮೇಲಿನ ಗುಡ್ಡಕ್ಕೂ ಹತ್ತಿ. ಅಲ್ಲಿ ಇಂಗಿದ ಮಳೆಯೇ ಕೆಳಗೆ ನೀರಾಗಿ ಬರುವುದು. ಗಡಿನಾಡಿನಲ್ಲಿ ಕೊಳವೆಬಾವಿಗಳು ಹೆಚ್ಚಿದಂತೆ ಎಷ್ಟೋ ಹಳೆಯ ಸುರಂಗಗಳು ಪಾಳುಬಿದ್ದಿವೆ. ಇನ್ನೂ ನೀರು ಕೊಡುತ್ತಿರುವ ಸುರಂಗಗಳ ಮೇಲಿನ ಗುಡ್ಡಗಳನ್ನಾದರೂ ಜೆಸಿಬಿಗೆ ಬಲಿಯಾಗದಂತೆ ಕಾಯಲು ಪಂಚಾಯಿತಿಗಳು ಈಗಲೇ ಮುಂದಾಗಬೇಕು.