ತೈಪೆಯ ಚಿಯಾಂಗ್ ಕೈಷೇಕ್ ಸ್ಮಾರಕ ಭವನ

ಚಿಯಾಂಗ್ ಕೈಷೇಕ್ ಎಂಬ ಹೆಸರು ನಿಮಗೆ ತೀರ ಅಪರಿಚಿತವಾಗಿರಲಾರದು. 1942ರ ಫೆಬ್ರವರಿಯಲ್ಲಿ ಪತ್ನೀಸಮೇತರಾಗಿ ಭಾರತಕ್ಕೆ ಬಂದು, ಕಲ್ಕತ್ತೆಯಲ್ಲಿ ಗಾಂಧೀಜಿಯವರನ್ನು ಕಂಡು ಮಾತನಾಡಿದ ಚೀನದ ನಾಯಕರು ಇವರೇ. ಅಂತರ್ಯುದ್ಧದಲ್ಲಿ ಸೋತು 1949ರಲ್ಲಿ ತೈವಾನ್ ದ್ವೀಪವನ್ನು ಸೇರಿದ ಅವರು, 1975ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಅಧಿಕಾರವನ್ನು ಬಿಡಲಿಲ್ಲ. ಸರಿಯಾಗಿ ಐದು ವರ್ಷಗಳ ಮೇಲೆ, 1980ರ ಅದೇ ದಿನ, ರಾಜಧಾನಿ ತೈಪೆಯ ನಡುವೆ ಅವರ ಸ್ಮಾರಕ ಭವನವು ತೆರೆಯಿತು.

ನೀವು ಅಲ್ಲಿಗೆ ಹೋದರೆ ಪಶ್ಚಿಮದ ಹೆಬ್ಬಾಗಿಲಿನಿಂದಲೇ ಒಳಹೊಗಿರಿ. ವಿಶಾಲವಾದ ಚೌಕದ ಆಚೆಯ ತುದಿಯಲ್ಲಿ ಬಿಳಿಯ ಗೋಡೆಗಳು, ಅವುಗಳ ಮೇಲೆ ಎಂಟು ಮೂಲೆಗಳ ನೀಲಿ ಹೆಂಚಿನ ಮಾಡು ಕಾಣುತ್ತವೆ. ಎತ್ತರ ಸುಮಾರು 70 ಮೀಟರು. ಮೇಲೇರುವ ಮೆಟ್ಟಿಲುಗಳು 89. 1887ರಲ್ಲಿ ಹುಟ್ಟಿದವರಿಗೆ 1975ರಲ್ಲಿ 89 ಹೇಗಾಯಿತೆಂದು ನೀವು ಕೇಳಬಹುದು. ಚೀನೀಯರ ಹಳೆಯ ಪದ್ಧತಿಯಲ್ಲಿ ಹುಟ್ಟಿದ ಕೂಡಲೇ ಒಂದು ವರ್ಷ. ಪ್ರತಿ ಹೊಸ ವರ್ಷಕ್ಕೂ ಮತ್ತೊಂದು. ನಮ್ಮ ಮನೆಯ ಅಜ್ಜಂದಿರು ‘ಇಷ್ಟು ನಡೆಯುತ್ತಿದೆ’ ಎಂದು ವಯಸ್ಸು ಹೇಳುವುದಿಲ್ಲವೆ, ಅದೇ ಬಗೆ.

ಮೇಲೆ ಕಂಚಿನ ದೊಡ್ಡ ವಿಗ್ರಹವು ಚೀನದ ಕಡೆಗೆ, ಪಶ್ಚಿಮಾಭಿಮುಖವಾಗಿ ಕುಳಿತಿದೆ. ಹಿಂದಿನ ಗೋಡೆಯಲ್ಲಿ ನೀತಿ, ಪ್ರಜಾಪ್ರಭುತ್ವ, ವಿಜ್ಞಾನ ಎಂಬ ಮೂರು ಮಾತುಗಳಿವೆ. ನಡುವಿನ ಮಾತನ್ನು ಓದುವಾಗ ಸ್ವಲ್ಪ ನಿಲ್ಲಬೇಕು. ಏಕೆಂದರೆ ತೈವಾನಿನಲ್ಲಿ 1949ರಿಂದ 1987ರವರೆಗೆ ಇದ್ದುದು ಸೈನಿಕ ಕಾನೂನು. ಅದಕ್ಕೂ ಮುಂಚೆ, 1947ರಲ್ಲಿ, ಜನರ ದಂಗೆಯನ್ನಡಗಿಸಲು ಅವರ ಸರ್ಕಾರವು ಕಳುಹಿಸಿದ ಸೈನ್ಯದಿಂದ ಸಾವಿರಾರು ಮಂದಿ ಸತ್ತಿದ್ದರು. ಆ ಮನೆಗಳವರಿಗೆ ಈ ವಿಗ್ರಹ ಹೇಗೆ ಕಂಡೀತು, ಊಹಿಸಿಕೊಳ್ಳಿ.

ಆದುದರಿಂದಲೇ ಭವನದ ಹೆಸರೂ ಒಂದೆಡೆ ನಿಂತಿಲ್ಲ. 2007ರಲ್ಲಿ ಅದನ್ನು ತೈವಾನ್ ಪ್ರಜಾಪ್ರಭುತ್ವ ಸ್ಮಾರಕವೆಂದು ಕರೆದರು. 2009ರಲ್ಲಿ ಹಳೆಯ ಹೆಸರು ಮರಳಿತು. ಹೆಬ್ಬಾಗಿಲ ಮೇಲಿನ ಹೊಸ ಬರಹ ಮಾತ್ರ ಉಳಿಯಿತು: ‘ಸ್ವಾತಂತ್ರ್ಯ ಚೌಕ’. ಹೆಸರು ಸುಮ್ಮನೆ ಬಂದುದಲ್ಲ. 1990ರ ಮಾರ್ಚಿಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಇದೇ ಚೌಕದಲ್ಲಿ ಕುಳಿತು, ಅಧ್ಯಕ್ಷರನ್ನು ಜನರೇ ಚುನಾಯಿಸಬೇಕೆಂದು ಹಟ ಹಿಡಿದರು. ಅಂಥ ಮೊದಲ ಚುನಾವಣೆ 1996ರಲ್ಲಿ ನಡೆಯಿತು. ವಿಗ್ರಹದ ಇಕ್ಕೆಲಗಳಲ್ಲಿ ಅಲುಗಾಡದೆ ನಿಲ್ಲುತ್ತಿದ್ದ ಪಹರೆಯವರನ್ನು 2024ರ ಜುಲೈಯಲ್ಲಿ ಹೊರಕ್ಕೆ ಕಳುಹಿಸಿದರು. ಅವರ ಕವಾಯತನ್ನು ಈಗ ಹೊರಗೇ ನೋಡಬೇಕು. ವಿಗ್ರಹವನ್ನೂ ತೆಗೆಯಬೇಕೆನ್ನುವವರುಂಟು, ಇರಲಿ ಎನ್ನುವವರೂ ಉಂಟು.

ಕೆಳಗಿನ ಅಂತಸ್ತಿನಲ್ಲಿ ಅವರ ಮೋಟಾರುಗಳೂ ಉಡುಪುಗಳೂ ಇವೆ. ಅವುಗಳಿಗೆ ಹೆಚ್ಚು ಹೊತ್ತು ಬೇಡ. ಅದರ ಬದಲು ಉದ್ಯಾನದ ಎರಡು ಕೊಳಗಳ ಬಳಿ ಕುಳಿತುಕೊಳ್ಳಿ. ಕಮಾನಿನ ಸೇತುವೆಗಳ ಕೆಳಗೆ ಬಣ್ಣದ ಮೀನುಗಳು ಗುಂಪುಗೂಡುತ್ತವೆ, ಮಕ್ಕಳು ಬಾಗಿ ನೋಡುತ್ತಾರೆ. ಸಂಗೀತಪ್ರಿಯರಾದರೆ ಸಂಜೆಯವರೆಗೂ ಇರಬೇಕು. ಚೌಕದ ಎರಡು ಪಕ್ಕಗಳಲ್ಲಿ 1987ರಲ್ಲಿ ತೆರೆದ ರಾಷ್ಟ್ರೀಯ ನಾಟಕಶಾಲೆಯೂ ಸಂಗೀತಶಾಲೆಯೂ ಇವೆ. ಟಿಕೀಟು ದೊರೆಯದಿದ್ದರೂ ಚಿಂತೆಯಿಲ್ಲ. ಅವುಗಳ ಮೊಗಸಾಲೆಗಳಲ್ಲಿ ಹುಡುಗ ಹುಡುಗಿಯರು ಗಾಜಿನ ಬಾಗಿಲನ್ನೇ ಕನ್ನಡಿ ಮಾಡಿಕೊಂಡು ಕುಣಿತವನ್ನು ಅಭ್ಯಾಸ ಮಾಡುತ್ತಿರುತ್ತಾರೆ.